ಗರ್ಭ ‘ನಿಲ್ಲುವುದು’ ಹೇಗೆ? – ಒಂದು ತಿಳಿವಿನ ಇತಿಹಾಸ



ಕನ್ನಡದಲ್ಲಿ ನಾವು ‘ಗರ್ಭ ನಿಂತಿತು’ ಎನ್ನುತ್ತೇವೆ. ಉರ್ದುವಿನಲ್ಲಿ ‘ಹಮಲ್ ಠಹರ್ ಗಯಾ’ ಎನ್ನುತ್ತೇವೆ. ಎರಡೂ ಭಾಷೆಗಳನ್ನು ದಿನವೂ ಪಾಠ ಮಾಡುವ ನನಗೆ ಈ ಎರಡು ಮಾತುಗಳ ಹೋಲಿಕೆ ಬಹಳ ಕಾಲದಿಂದ ಕುತೂಹಲದ ವಿಷಯ. ಎರಡರಲ್ಲೂ ಎಲ್ಲಿಂದಲೋ ಬಂದದ್ದು ಒಂದೆಡೆ ತಂಗಿತು ಎಂಬ ಅರ್ಥವಿದೆ. ನಮ್ಮ ಅಜ್ಜಿಯರು ಸೂಕ್ಷ್ಮದರ್ಶಕವನ್ನು ಕಂಡವರಲ್ಲ. ಆದರೂ ಅವರ ಮಾತಿನಲ್ಲಿ ವಿಷಯದ ತಿರುಳು ಇತ್ತು. ಗರ್ಭ ಉಂಟಾಗುವುದು ಬೇರೆ, ಅದು ನಿಲ್ಲುವುದು ಬೇರೆ.

ಎರಡು ವರ್ಷಗಳ ಹಿಂದೆ ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿ ರಜೆಯ ಮೇಲಿದ್ದಾಗ ಹತ್ತನೆಯ ತರಗತಿಗೆ ಸಂತಾನೋತ್ಪತ್ತಿಯ ಪಾಠವನ್ನು ಓದಿಸುವ ಕೆಲಸ ನನ್ನ ಪಾಲಿಗೆ ಬಂತು. ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ ಎಂಬ ಒಂದು ವಾಕ್ಯವನ್ನು ಓದಿ ಮುಂದೆ ಹೋಗುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ಯಾವಾಗ ಬೇಕಾದರೂ ಅಂಟಿಕೊಳ್ಳುತ್ತದೆಯೇ?” ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆ ‘ನಾಳೆ’ ಈ ಲೇಖನವಾಗಿ ಬಂದಿದೆ.

ಮದುವೆಯಾಗಿ ಎರಡು ವರ್ಷ ಕಳೆದ ಹೆಣ್ಣುಮಗಳ ಬೆನ್ನ ಹಿಂದೆ ‘ಇವಳಿಗೆ ನಿಲ್ಲುತ್ತಿಲ್ಲವಂತೆ’ ಎಂಬ ಮಾತು ಹೇಗೆ ಓಡಾಡುತ್ತದೆ ಎಂಬುದು ನಿಮಗೆಲ್ಲ ತಿಳಿದಿದೆ. ಆ ಮಾತನ್ನು ಕೇಳಿಸಿಕೊಂಡವರಲ್ಲಿ ನಾನೂ ಒಬ್ಬಳು. ಆದ್ದರಿಂದ ಈ ಇತಿಹಾಸವನ್ನು ಓದುವಾಗ ನನಗೆ ಕುತೂಹಲದ ಜೊತೆಗೆ ಇನ್ನೊಂದು ಕಾರಣವೂ ಇತ್ತೆಂದು ಹೇಳಿ ಮುಂದುವರಿಯುತ್ತೇನೆ.

ಪ್ರಾಚೀನರ ವಾದವನ್ನು ಬೇಗ ಮುಗಿಸೋಣ. ಗ್ರೀಸಿನ ಅರಿಸ್ಟಾಟಲನು ತಾಯಿಯ ರಕ್ತವೇ ಕಚ್ಚಾ ವಸ್ತು, ತಂದೆಯ ಬೀಜವೇ ಅದಕ್ಕೆ ರೂಪ ಕೊಡುವುದು ಎಂದನು. ವೈದ್ಯ ಗೇಲನ್ ಇಬ್ಬರಿಗೂ ಬೀಜವಿದೆ ಎಂದನು. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತನ್ನ ‘ಅಲ್ ಖಾನೂನ್’ ಗ್ರಂಥದಲ್ಲಿ ಇಬ್ಬರ ಮತಗಳನ್ನೂ ಹೊಂದಿಸಲು ಯತ್ನಿಸಿದನು. ವಾದ ಮಾಡಿದವರು ಅನೇಕರು. ಒಳಗೆ ಇಣುಕಿ ನೋಡಿದವರು ಇಲ್ಲವೆನ್ನುವಷ್ಟು ಕಡಿಮೆ.

ಇಣುಕಿ ನೋಡಿ ಬೆಪ್ಪಾದವನ ಕಥೆ ಸ್ವಾರಸ್ಯಕರವಾಗಿದೆ. ರಕ್ತ ಪರಿಚಲನೆಯನ್ನು ಕಂಡುಹಿಡಿದ ವಿಲಿಯಂ ಹಾರ್ವೆಯ ಹೆಸರನ್ನು ವಿದ್ಯಾರ್ಥಿಗಳು ಕೇಳಿದ್ದೀರಿ. ಅವನು ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸನ ವೈದ್ಯ. ದೊರೆಗೆ ಬೇಟೆಯ ಹುಚ್ಚು. ಬೇಟೆಯಲ್ಲಿ ಸಿಕ್ಕ ಹೆಣ್ಣು ಜಿಂಕೆಗಳನ್ನು ಸೀಳಿ ಪರೀಕ್ಷಿಸಲು ಹಾರ್ವೆಗೆ ಅಪ್ಪಣೆ ಸಿಕ್ಕಿತು. ಜಿಂಕೆಗಳು ಕೂಡುವುದು ಶರತ್ಕಾಲದಲ್ಲಿ. ಕೂಡಿದ ಮೇಲೆ ವಾರ ವಾರವೂ ಹಾರ್ವೆ ಗರ್ಭಕೋಶವನ್ನು ಬಿಡಿಸಿ ನೋಡಿದ. ಒಳಗೆ ಏನೂ ಇಲ್ಲ! ಬೀಜವೂ ಇಲ್ಲ, ರಕ್ತದ ಗಡ್ಡೆಯೂ ಇಲ್ಲ. ವಾರಗಳು ಕಳೆದ ಮೇಲೆ ಒಮ್ಮೆಲೇ ಮರಿಯ ಕುರುಹು ಕಾಣಿಸುತ್ತಿತ್ತು. ದೊರೆಯ ಕಾವಲುಗಾರರು ನಂಬಲಿಲ್ಲ. ಇನ್ನೂ ಕೂಡದ ಜಿಂಕೆಗಳನ್ನು ನೋಡಿ ಮೋಸಹೋಗಿದ್ದಾನೆ ಎಂದರು. ಆಗ ದೊರೆಯೇ ಹ್ಯಾಂಪ್ಟನ್ ಕೋರ್ಟ್ ಬಳಿ ಹನ್ನೆರಡರಷ್ಟು ಹೆಣ್ಣು ಜಿಂಕೆಗಳನ್ನು ಗಂಡುಗಳಿಂದ ಬೇರ್ಪಡಿಸಿ ಇಡಿಸಿದನು. ಕೆಲವನ್ನು ಹಾರ್ವೆ ಸೀಳಿ ನೋಡಿದ, ಒಳಗೆ ಏನೂ ಇರಲಿಲ್ಲ. ಉಳಿದವು ಕಾಲಕ್ಕೆ ಸರಿಯಾಗಿ ಮರಿ ಹಾಕಿದವು. ಅಯಸ್ಕಾಂತವು ಕಬ್ಬಿಣವನ್ನು ಪ್ರಭಾವಿಸುವಂತೆ ಯಾವುದೋ ಕಾಣದ ಶಕ್ತಿ ಕೆಲಸ ಮಾಡುತ್ತದೆಂದು ಊಹಿಸಿ, 1651ರಲ್ಲಿ ಪ್ರಾಣಿಗಳ ಉತ್ಪತ್ತಿಯ ಬಗ್ಗೆ ದೊಡ್ಡ ಗ್ರಂಥವನ್ನು ಪ್ರಕಟಿಸಿದ.

ಹಾರ್ವೆ ತಪ್ಪಿದ್ದು ಎಲ್ಲಿ? ಜಿಂಕೆಯ ಎಳೆಯ ಭ್ರೂಣ ಉಂಡೆಯಂತಿರದೆ ಲೋಳೆಯ ದಾರದ ಹಾಗೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಗರ್ಭಕೋಶದ ಗೋಡೆಗೆ ತಕ್ಷಣ ಅಂಟಿಕೊಳ್ಳುವುದೂ ಇಲ್ಲ. ಬರಿಗಣ್ಣಿಗೆ ಅದು ಭ್ರೂಣವೆಂದು ತೋಚುವಂತಿಲ್ಲ. ಇನ್ನೂರು ವರ್ಷಗಳ ನಂತರ, 1854ರಲ್ಲಿ, ಜರ್ಮನಿಯ ಬಿಷೊಫ್ ಎಂಬಾತ ಇದಕ್ಕಿಂತ ವಿಚಿತ್ರವಾದುದನ್ನು ತೋರಿಸಿದ. ಯೂರೋಪಿನ ರೋ ಎಂಬ ಸಣ್ಣ ಜಿಂಕೆ ಜುಲೈ ಆಗಸ್ಟ್‌ನಲ್ಲಿ ಕೂಡುತ್ತದೆ. ಭ್ರೂಣವೂ ಉಂಟಾಗುತ್ತದೆ. ಆದರೆ ಅದು ಎಲ್ಲಿಯೂ ನಾಟಿಕೊಳ್ಳದೆ ಚಳಿಗಾಲದವರೆಗೆ ಗರ್ಭಕೋಶದಲ್ಲಿ ಸುಮ್ಮನೆ ತೇಲುತ್ತಿರುತ್ತದೆ. ಅಂದರೆ ಭ್ರೂಣ ಇದ್ದ ಮಾತ್ರಕ್ಕೆ ಗರ್ಭ ನಿಂತಂತಾಗಲಿಲ್ಲ. ಅದು ತಂಗುವ ಮನೆ ಸಿದ್ಧವಾಗಬೇಕು.

ಈ ‘ಸಿದ್ಧವಾಗುವುದು’ ಎಂಬುದಕ್ಕೆ ವೈದ್ಯರು ರಿಸೆಪ್ಟಿವಿಟಿ ಎನ್ನುತ್ತಾರೆ. ಕನ್ನಡದಲ್ಲಿ ಗ್ರಹಣಶೀಲತೆ ಎಂದು ಬರೆದದ್ದನ್ನು ನೋಡಿದ್ದೇನೆ. ಮಕ್ಕಳಿಗೆ ಇದು ಬಾಯಿಗೆ ಹಿಡಿಯುವುದಿಲ್ಲ. ನಮ್ಮ ರೈತರ ಬಾಯಲ್ಲಿ ‘ಹದ’ ಎಂಬ ಸುಂದರವಾದ ಮಾತಿದೆ. ಮಳೆ ಬಿದ್ದ ದಿನವೇ ಬಿತ್ತಿದರೆ ಕೆಸರು, ತಡಮಾಡಿದರೆ ಹೆಂಟೆ. ನಡುವಿನ ಕೆಲವೇ ದಿನ ಹದ. ಈ ಲೇಖನದಲ್ಲಿ ನಾನು ಅದನ್ನೇ ಬಳಸುತ್ತೇನೆ.

ಇನ್ನು ಅಂಡದ ಕಥೆ. 1672ರಲ್ಲಿ ಹಾಲೆಂಡಿನ ದ ಗ್ರಾಫ್ ಅಂಡಾಶಯದ ಗುಳ್ಳೆಗಳನ್ನೂ, ಗುಳ್ಳೆ ಒಡೆದ ಮೇಲೆ ಅಲ್ಲಿ ಮೂಡುವ ಹಳದಿ ಗಂಟನ್ನೂ ವರ್ಣಿಸಿದ. ನಿಜವಾದ ಅಂಡವನ್ನು ಕಂಡದ್ದು 1827ರಲ್ಲಿ ಫಾನ್ ಬೇರ್, ಅದೂ ಒಂದು ನಾಯಿಯಲ್ಲಿ. ಆ ಹಳದಿ ಗಂಟಿನ ಹೆಸರು ಕಾರ್ಪಸ್ ಲೂಟಿಯಂ. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದೇ ಕಥಾನಾಯಕ.

ಒಳಪದರಕ್ಕೆ ಮೊದಲು ಗೌರವ ಕೊಟ್ಟವನು ಲಂಡನ್ನಿನ ವಿಲಿಯಂ ಹಂಟರ್. 1774ರಲ್ಲಿ ಅವನು ಪ್ರಕಟಿಸಿದ ಗರ್ಭಿಣಿಯ ಗರ್ಭಕೋಶದ ಚಿತ್ರಗಳು ಇಂದಿಗೂ ಪ್ರಸಿದ್ಧವಾಗಿವೆ. ಹೆರಿಗೆಯ ಜೊತೆ ಕಳಚಿ ಬೀಳುವ ದಪ್ಪನೆಯ ಪದರಕ್ಕೆ ಅವನು ‘ಡೆಸಿಡುವ’ ಎಂದು ಹೆಸರಿಟ್ಟ. ಎಲೆ ಉದುರುವ ಮರಗಳಿಗೆ ಹೇಳುವ ಲ್ಯಾಟಿನ್ ಪದವದು. ಹೆಸರು ಚೆನ್ನಾಗಿದೆ. ಆದರೆ ಈ ಪದರ ಗರ್ಭಿಣಿಯಲ್ಲದ ಹೆಣ್ಣಿನಲ್ಲೂ ತಿಂಗಳು ತಿಂಗಳೂ ಚಿಗುರಿ ಉದುರುತ್ತದೆ ಎಂಬುದರ ಅರ್ಥ ಇನ್ನೂ ಯಾರಿಗೂ ಆಗಿರಲಿಲ್ಲ.

ಆಗದೆ ಇದ್ದುದರಿಂದ ಎಷ್ಟು ಹೆಂಗಸರು ಕಷ್ಟಪಟ್ಟರೋ! ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ವೈದ್ಯರು ಒಳಪದರವನ್ನು ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಒಬ್ಬಳಲ್ಲಿ ತೆಳ್ಳಗೆ, ಇನ್ನೊಬ್ಬಳಲ್ಲಿ ದಪ್ಪ, ಗ್ರಂಥಿಗಳು ಒಬ್ಬಳಲ್ಲಿ ನೇರ, ಇನ್ನೊಬ್ಬಳಲ್ಲಿ ಸುರುಳಿ. ದಪ್ಪಗಿದ್ದರೆ ಉರಿಯೂತವೆಂಬ ರೋಗ ಎಂದು ಬರೆದು ಚಿಕಿತ್ಸೆ ಮಾಡುತ್ತಿದ್ದರು. 1908ರಲ್ಲಿ ವಿಯೆನ್ನಾದ ಹಿಟ್ಷ್‌ಮನ್ ಮತ್ತು ಆಡ್ಲರ್ ಎಂಬ ಇಬ್ಬರು ಒಂದು ಸರಳ ಕೆಲಸ ಮಾಡಿದರು. ಮುಟ್ಟಾಗಿ ಎಷ್ಟು ದಿನವಾಯಿತು ಎಂಬುದರೊಂದಿಗೆ ಒಳಪದರವನ್ನು ಹೋಲಿಸಿದರು. ಆಗ ತಿಳಿಯಿತು, ರೋಗ ಎಂದು ಕರೆದದ್ದರಲ್ಲಿ ಬಹುಪಾಲು ರೋಗವೇ ಅಲ್ಲ. ಆರೋಗ್ಯವಂತ ಹೆಣ್ಣಿನ ಒಳಪದರ ತಿಂಗಳ ಮೊದಲ ಭಾಗದಲ್ಲಿ ಒಂದು ಬಗೆ, ಕೊನೆಯ ಭಾಗದಲ್ಲಿ ಇನ್ನೊಂದು ಬಗೆ. ದಿನಾಂಕ ಕೇಳದೆ ತೀರ್ಪು ಕೊಟ್ಟದ್ದೇ ತಪ್ಪಾಗಿತ್ತು. ಈ ಭಾಗವನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಒಳಪದರವನ್ನು ಹೀಗೆ ಬದಲಿಸುವವರು ಯಾರು? ಆಗಿನ ಜರ್ಮನಿಯ ಬ್ರೆಸ್ಲಾವ್ ನಗರದಲ್ಲಿ ಗುಸ್ತಾವ್ ಬೋರ್ನ್ ಎಂಬ ಅಧ್ಯಾಪಕರಿದ್ದರು. ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಮ್ಯಾಕ್ಸ್ ಬೋರ್ನ್ ಇವರ ಮಗ. ಅಂಡಾಶಯದ ಹಳದಿ ಗಂಟು ರಕ್ತಕ್ಕೆ ಏನನ್ನೋ ಸುರಿಸುತ್ತದೆ, ಅದೇ ಗರ್ಭಕೋಶವನ್ನು ಹದಗೊಳಿಸುತ್ತದೆ ಎಂದು ಅವರಿಗೆ ಅನ್ನಿಸಿತ್ತು. ಪರೀಕ್ಷೆ ಮಾಡಿ ನೋಡಲು ಆಯುಸ್ಸು ಸಾಲಲಿಲ್ಲ, 1900ರಲ್ಲಿ ತೀರಿಕೊಂಡರು. ಅವರ ಮಾತನ್ನು ಲುಡ್ವಿಗ್ ಫ್ರೆಂಕೆಲ್ ಎಂಬ ವೈದ್ಯರು ನಡೆಸಿಕೊಟ್ಟರು. ಮೊಲದಲ್ಲಿ ಭ್ರೂಣವು ಏಳನೆಯ ದಿನ ನಾಟಿಕೊಳ್ಳುತ್ತದೆ. ಅದಕ್ಕೆ ಮೊದಲೇ ಫ್ರೆಂಕೆಲ್ ಹಳದಿ ಗಂಟುಗಳನ್ನು ಮಾತ್ರ ಸುಟ್ಟುಹಾಕಿ ಅಂಡಾಶಯದ ಉಳಿದ ಭಾಗವನ್ನು ಹಾಗೆಯೇ ಬಿಟ್ಟರು. ಗರ್ಭ ನಿಲ್ಲಲಿಲ್ಲ. 1903ರ ಹೊತ್ತಿಗೆ ಗುರುವಿನ ಊಹೆ ನಿಜವೆಂದು ಪ್ರಕಟಿಸಿದರು.

ನಾಲ್ಕು ವರ್ಷಗಳ ನಂತರ ಲಿಯೋ ಲೋಬ್ ಮಾಡಿದ ಪ್ರಯೋಗ ನನಗೆ ಇಡೀ ಇತಿಹಾಸದಲ್ಲೇ ಹೆಚ್ಚು ಬುದ್ಧಿವಂತಿಕೆಯದೆಂದು ತೋರುತ್ತದೆ. ಅವರು ಗಿನಿಯಿಲಿಯ ಗರ್ಭಕೋಶದ ಒಳಗೋಡೆಗೆ ಸಣ್ಣ ಗಾಯ ಮಾಡಿದರು. ಭ್ರೂಣ ಇಲ್ಲವೇ ಇಲ್ಲ. ಆದರೂ ಗೋಡೆಯು ಭ್ರೂಣ ಬಂತೆಂದೇ ತಿಳಿದು ಗರ್ಭದ ಪದರವನ್ನು ಬೆಳೆಸತೊಡಗಿತು! ಆದರೆ ಇದು ಹಳದಿ ಗಂಟು ಕೆಲಸ ಮಾಡುತ್ತಿರುವ ಕೆಲವು ದಿನಗಳಲ್ಲಿ ಮಾತ್ರ. ಅದೇ ಗಾಯವನ್ನು ಬೇರೆ ದಿನ ಮಾಡಿದರೆ ಏನೂ ಆಗುವುದಿಲ್ಲ. ಹದಕ್ಕೆ ದಿನಗಳ ಲೆಕ್ಕವಿದೆ ಎಂಬುದಕ್ಕೆ ಇದು ಮೊದಲ ಸ್ಪಷ್ಟ ಸಾಕ್ಷಿ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ 1907ರಲ್ಲೇ ಅರ್ಧ ಉತ್ತರ ಸಿಕ್ಕಿತ್ತು.

ಹಳದಿ ಗಂಟು ಸುರಿಸುವ ವಸ್ತು ಯಾವುದು? 1929ರಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ಜಾರ್ಜ್ ಕಾರ್ನರ್ ಮತ್ತು ಅವರ ವಿದ್ಯಾರ್ಥಿ ವಿಲ್ಲರ್ಡ್ ಆಲೆನ್ ಆ ಗಂಟಿನ ಸಾರವನ್ನು ತೆಗೆದು, ಅಂಡಾಶಯವಿಲ್ಲದ ಮೊಲಗಳಿಗೆ ಚುಚ್ಚಿ ಗರ್ಭವನ್ನು ಉಳಿಸಿದರು. ಇದೇ ಸಾರ ತೀರ ಎಳೆಯ ಮೊಲಗಳಲ್ಲಿ ಕೆಲಸ ಮಾಡುವುದಿಲ್ಲ ಎಂಬುದೂ ಗೊತ್ತಾಯಿತು. ಕಾರಣ, ಮೊದಲು ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನು ಒಳಪದರವನ್ನು ಬೆಳೆಸಿರಬೇಕು. ಆಮೇಲೆಯೇ ಈ ಸಾರಕ್ಕೆ ಕೆಲಸ. ಉತ್ತ ನೆಲಕ್ಕೆ ಮಾತ್ರ ಮಳೆ ಹಿಡಿಯುವ ಹಾಗೆ. 1934ರಲ್ಲಿ ನಾಲ್ಕು ಕಡೆ ಬೇರೆ ಬೇರೆಯಾಗಿ ಶುದ್ಧ ವಸ್ತುವನ್ನು ಪಡೆದರು. ಜರ್ಮನಿಯ ಬುಟೆನಾಂಟ್ ಸುಮಾರು 50,000 ಹಂದಿಗಳ ಅಂಡಾಶಯಗಳಿಂದ ಪಡೆದದ್ದು ಬರೀ 20 ಮಿಲಿಗ್ರಾಂ! ಮರುವರ್ಷ ಅದಕ್ಕೆ ಪ್ರೊಜೆಸ್ಟರಾನ್ ಎಂದು ಹೆಸರಾಯಿತು. ಗರ್ಭಕ್ಕೆ ನೆರವಾಗುವುದು ಎಂದು ಆ ಹೆಸರಿನ ಅರ್ಥ.

ಇತ್ತ ಇನ್ನೊಂದು ದಾರಿಯಲ್ಲೂ ಕೆಲಸ ಸಾಗಿತ್ತು. 1890ರಲ್ಲಿ ಇಂಗ್ಲೆಂಡಿನ ವಾಲ್ಟರ್ ಹೀಪ್ ಎಂಬಾತ ಅಂಗೋರಾ ಮೊಲದ ಎರಡು ಭ್ರೂಣಗಳನ್ನು ಬೆಲ್ಜಿಯನ್ ಮೊಲಕ್ಕೆ ವರ್ಗಾಯಿಸಿದ್ದ. ಆ ತಾಯಿ ಆರು ಮರಿ ಹಾಕಿತು, ನಾಲ್ಕು ತನ್ನ ಜಾತಿಯವು, ಎರಡು ಅಂಗೋರಾ. ಹೀಪ್‌ನ ಅದೃಷ್ಟವೆಂದರೆ ಆ ತಾಯಿ ಆಗಷ್ಟೇ ಕೂಡಿದ್ದರಿಂದ ಅದರ ಗರ್ಭಕೋಶ ಹದಕ್ಕೆ ಬರುತ್ತಿತ್ತು. ಇದು ಬರೀ ಅದೃಷ್ಟವಲ್ಲ, ನಿಯಮ ಎಂದು 1950ರಲ್ಲಿ ತೋರಿಸಿದವರು ಚೀನಾದಿಂದ ಅಮೆರಿಕಕ್ಕೆ ಹೋಗಿದ್ದ ಎಂ.ಸಿ. ಚಾಂಗ್. ಭ್ರೂಣದ ವಯಸ್ಸಿಗೂ ತಾಯಿಯ ಒಳಪದರದ ವಯಸ್ಸಿಗೂ ತಾಳೆಯಾಗದಿದ್ದರೆ ಒಳ್ಳೆಯ ಭ್ರೂಣವೂ ನಾಶವಾಗುತ್ತದೆ. ಎರಡರಲ್ಲಿ ಯಾವುದರಲ್ಲೂ ದೋಷವಿರಬೇಕಾಗಿಲ್ಲ. ಗಡಿಯಾರ ಹೊಂದದಿದ್ದರೆ ಸಾಕು.

ಮನುಷ್ಯರ ವಿಷಯಕ್ಕೆ ಬಂದರೆ ಬಾಸ್ಟನ್ ಬಳಿಯ ಆರ್ಥರ್ ಹರ್ಟಿಗ್ ಮತ್ತು ಜಾನ್ ರಾಕ್ ಇವರನ್ನು ಬಿಡುವಂತಿಲ್ಲ. 1938ರಿಂದ ಹದಿನೈದು ವರ್ಷಕ್ಕೂ ಮೀರಿ, ಬೇರೆ ಕಾರಣಕ್ಕೆ ಗರ್ಭಕೋಶ ತೆಗೆಸಿಕೊಳ್ಳಬೇಕಾಗಿದ್ದ ಇನ್ನೂರಕ್ಕೂ ಹೆಚ್ಚು ವಿವಾಹಿತೆಯರ ನೆರವಿನಿಂದ ಅವರು 34 ಅತಿ ಎಳೆಯ ಭ್ರೂಣಗಳನ್ನು ಕಂಡರು. ಶಸ್ತ್ರಚಿಕಿತ್ಸೆಗೆ ಮುಂಚಿನ ದಿನಗಳ ವಿವರಗಳನ್ನು ಆ ಹೆಂಗಸರು ಬರೆದಿಡಬೇಕಿತ್ತು. ಇಂದು ಯಾವ ನೀತಿ ಸಮಿತಿಯೂ ಇದಕ್ಕೆ ಒಪ್ಪಲಾರದು, ಒಪ್ಪಬಾರದು ಎಂಬುದೇ ನನ್ನ ಅಭಿಪ್ರಾಯ. ಆದರೆ ಮನುಷ್ಯ ಭ್ರೂಣ ಒಳಪದರದಲ್ಲಿ ಹುದುಗುವ ಚಿತ್ರ ಪಠ್ಯಪುಸ್ತಕಗಳಿಗೆ ಬಂದದ್ದು ಅಲ್ಲಿಂದಲೇ. ಅವರ ಒಂದು ಅಂಕಿಯನ್ನು ನೀವು ಗಮನಿಸಬೇಕು. 34ರಲ್ಲಿ 10 ಭ್ರೂಣಗಳು ಸರಿಯಾಗಿ ರೂಪುಗೊಂಡಿರಲಿಲ್ಲ. ಈ ಹೆಂಗಸರು ಹಿಂದೆ ಮಕ್ಕಳನ್ನು ಹೆತ್ತವರು. ಅಂದರೆ ‘ನಿಲ್ಲದೆ’ ಹೋಗುವುದು ಎಲ್ಲರ ಮನೆಯಲ್ಲೂ ನಡೆಯುವ, ಬಹುತೇಕ ಯಾರ ಗಮನಕ್ಕೂ ಬಾರದ ಸಂಗತಿ. 1950ರಲ್ಲಿ ನಾಯ್ಸ್ ಎಂಬವರೊಡನೆ ಸೇರಿ ಇವರೇ ಒಳಪದರದ ಒಂದು ಚೂರನ್ನು ನೋಡಿ ಇದು ಚಕ್ರದ ಇಷ್ಟನೆಯ ದಿನ ಎಂದು ಹೇಳುವ ಪಟ್ಟಿಯನ್ನು ಮಾಡಿಕೊಟ್ಟರು.

ಪ್ಯಾರಿಸಿನ ಅಲೆಕ್ಸಾಂಡರ್ ಸೈಕೊಯೋಸ್ 1960ರ ನಂತರ ಇಲಿಗಳ ಮೇಲೆ ಮಾಡಿದ ಕೆಲಸದಿಂದ ಪೂರ್ತಿ ಚಿತ್ರ ಸಿಕ್ಕಿತು. ಇಲಿಯ ಗರ್ಭಕೋಶ ಐದನೆಯ ದಿನದ ಸುಮಾರಿಗೆ ಭ್ರೂಣವನ್ನು ಸ್ವೀಕರಿಸುತ್ತದೆ. ಅದಕ್ಕೆ ಮೊದಲು ತಟಸ್ಥ. ಅದು ಕಳೆದ ಮೇಲೆ ಸ್ವೀಕರಿಸುವುದೇ ಇಲ್ಲ, ಮರುದಿನ ಬಂದ ಭ್ರೂಣಕ್ಕೆ ವೈರಿಯೇ ಆಗುತ್ತದೆ. ಈ ಬಾಗಿಲು ತೆರೆಯಲು ಇಲಿಗೆ ಪ್ರೊಜೆಸ್ಟರಾನ್ ಮೇಲೆ ಮತ್ತೊಂದು ಸಣ್ಣ ಪ್ರಮಾಣದ ಈಸ್ಟ್ರೋಜನ್ ಬೇಕು. ಕೋತಿಗೂ ಬೇಕೇ? ಬೇಕಾಗಿಲ್ಲ ಎಂದು 1994ರಲ್ಲಿ ತೋರಿಸಿದವರು ನಮ್ಮ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ದೇಬಬ್ರತ ಘೋಷ್, ಜಯಶ್ರೀ ಸೇನ್‌ಗುಪ್ತ ಮತ್ತು ಸಂಗಡಿಗರು. ಇನ್ನು ನಾಟಿಕೊಳ್ಳುವ ಮುಂಚೆ ಭ್ರೂಣವು ತನ್ನ ಹೊರಚಿಪ್ಪನ್ನು ಒಡೆದುಕೊಂಡು ಹೊರಬರಬೇಕು. ಈ ವಿಷಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಬಿ. ಶೇಷಗಿರಿಯವರ ತಂಡ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯಲ್ಲಿ ಬಹಳ ಕಾಲ ಅಧ್ಯಯನ ನಡೆಸಿತು.

ಈಗ ಆ ಹುಡುಗಿಗೆ ಉತ್ತರ ಹೇಳಬಹುದು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಒಳಪದರವನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಹಳದಿ ಗಂಟಿನ ಪ್ರೊಜೆಸ್ಟರಾನ್ ಬೆಳವಣಿಗೆಯನ್ನು ನಿಲ್ಲಿಸಿ ಪಕ್ವಗೊಳಿಸುತ್ತದೆ. ಗ್ರಂಥಿಗಳು ಪೋಷಕ ರಸ ಸುರಿಸುತ್ತವೆ, ರಕ್ತನಾಳಗಳು ಸುರುಳಿಯಾಗುತ್ತವೆ, ಕೆಳಗಿನ ಜೀವಕೋಶಗಳು ದುಂಡಗೆ ಉಬ್ಬುತ್ತವೆ. ಫಲಿತವಾದ ಅಂಡವು ಮೂರು ನಾಲ್ಕು ದಿನ ಅಂಡನಾಳದಲ್ಲಿ ಸಾಗಿ ಗರ್ಭಕೋಶಕ್ಕೆ ಬರುತ್ತದೆ, ಎರಡು ಮೂರು ದಿನ ತೇಲುತ್ತದೆ. 28 ದಿನಗಳ ಚಕ್ರದಲ್ಲಿ ಸುಮಾರು 20ರಿಂದ 24ನೆಯ ದಿನದವರೆಗೆ ಹದ. ನಾಟಿಕೊಂಡ ಭ್ರೂಣ ತನ್ನದೇ ಹಾರ್ಮೋನು ಕಳಿಸಿ ಹಳದಿ ಗಂಟಿಗೆ ‘ನಾನು ಬಂದಿದ್ದೇನೆ, ನೀನು ಬಾಡಬೇಡ’ ಎಂದು ತಿಳಿಸುತ್ತದೆ. ತಿಳಿಸದಿದ್ದರೆ ಗಂಟು ಬಾಡಿ ಮುಟ್ಟಾಗುತ್ತದೆ. 1999ರಲ್ಲಿ ಅಮೆರಿಕದ ವಿಲ್ಕಾಕ್ಸ್ ಮತ್ತು ಸಂಗಡಿಗರು ಹೆಂಗಸರ ದಿನನಿತ್ಯದ ಮೂತ್ರದಲ್ಲಿ ಆ ಹಾರ್ಮೋನನ್ನು ಹುಡುಕಿ ಲೆಕ್ಕ ಹಾಕಿದರು. ಉಳಿದ ಗರ್ಭಗಳಲ್ಲಿ 84 ಶೇಕಡ ಅಂಡ ಬಿಡುಗಡೆಯ ನಂತರ 8, 9 ಅಥವಾ 10ನೆಯ ದಿನ ನಾಟಿಕೊಂಡಿದ್ದವು. ಒಂಬತ್ತನೆಯ ದಿನದೊಳಗೆ ನಾಟಿದವುಗಳಲ್ಲಿ 13 ಶೇಕಡ ಬೇಗ ನಷ್ಟವಾದರೆ, ಹನ್ನೊಂದನೆಯ ದಿನ ಕಳೆದು ನಾಟಿದವುಗಳಲ್ಲಿ 82 ಶೇಕಡ ನಷ್ಟವಾದವು.

ಹದದ ದಿನವನ್ನು ನಿಖರವಾಗಿ ಹೇಳುತ್ತೇವೆ ಎಂದು ದುಬಾರಿ ಪರೀಕ್ಷೆಗಳೂ ಬಂದವು. 2011ರಲ್ಲಿ ಸ್ಪೇನಿನ ತಂಡವೊಂದು ಒಳಪದರದ 238 ಜೀನುಗಳ ಚಟುವಟಿಕೆ ನೋಡುವ ಪರೀಕ್ಷೆಯನ್ನು ಹೊರತಂದಿತು. ಆದರೆ 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಪರೀಕ್ಷೆಯಂತೆ ದಿನ ಬದಲಿಸಿದವರಲ್ಲಿ 58.5 ಶೇಕಡ, ಎಂದಿನ ದಿನದಲ್ಲೇ ಭ್ರೂಣ ಇಟ್ಟವರಲ್ಲಿ 61.9 ಶೇಕಡ ಮಕ್ಕಳು ಹುಟ್ಟಿದವು. ಪರೀಕ್ಷೆಯಿಂದ ಲಾಭವೇನೂ ಕಾಣಲಿಲ್ಲ. ಸಾಲ ಮಾಡಿ ಇಂಥ ಪರೀಕ್ಷೆಗೆ ಹೊರಟವರು ನಿಮ್ಮ ಪರಿಚಯದಲ್ಲಿದ್ದರೆ ಈ ಅಂಕಿಗಳನ್ನು ಅವರ ವೈದ್ಯರ ಮುಂದಿಟ್ಟು ಕೇಳಲಿ.

ಒಬ್ಬರ ಹೆಸರನ್ನು ಕೊನೆಗೆಂದು ಉಳಿಸಿಕೊಂಡಿದ್ದೇನೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಪ್ರಪಂಚದ ಮೊದಲ ಪ್ರನಾಳ ಶಿಶು ಹುಟ್ಟಿತು. ಅಂಡಗಳ ಸಂಖ್ಯೆ ಹೆಚ್ಚಿಸಲು ಹಾರ್ಮೋನು ಕೊಟ್ಟ ತಿಂಗಳುಗಳಲ್ಲಿ ಗರ್ಭ ನಿಲ್ಲದೆ ಎಡ್ವರ್ಡ್ಸ್ ಮತ್ತು ಸ್ಟೆಪ್ಟೋ ಸೋತು, ಕೊನೆಗೆ ಔಷಧಿಯಿಲ್ಲದ ಸಹಜ ಚಕ್ರದಲ್ಲಿ ಒಂದೇ ಅಂಡದಿಂದ ಗೆದ್ದಿದ್ದರು. ಎಪ್ಪತ್ತು ದಿನಗಳ ನಂತರ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಇನ್ನೊಂದು ಮಗು ಹುಟ್ಟಿತು. ಅದಕ್ಕೆ ಕಾರಣರಾದವರು ಡಾ. ಸುಭಾಷ್ ಮುಖರ್ಜಿ. ಅವರು ಅದೇ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿದ್ದರು. ಹಾರ್ಮೋನು ಕೊಟ್ಟು ಹಲವು ಅಂಡಗಳನ್ನು ಪಡೆದರು. ಆದರೆ ಆ ತಿಂಗಳ ಒಳಪದರಕ್ಕೆ ಹದವಿರುವುದಿಲ್ಲವೆಂದು ಭ್ರೂಣಗಳನ್ನು 53 ದಿನ ಹೆಪ್ಪುಗಟ್ಟಿಸಿಟ್ಟು, ಮುಂದೆ ಸಹಜ ಚಕ್ರದಲ್ಲಿ ತಾಯಿಯ ಗರ್ಭಕೋಶಕ್ಕೆ ಸೇರಿಸಿದರು. ಹೆಪ್ಪುಗಟ್ಟಿಸಿದ ಭ್ರೂಣದಿಂದ ಮಗು ಹುಟ್ಟಿತೆಂದು ಹೊರಗಿನ ಪ್ರಪಂಚ ದಾಖಲಿಸಿದ್ದು 1984ರಲ್ಲಿ, ಆಸ್ಟ್ರೇಲಿಯಾದಲ್ಲಿ. ಇಂದು ಎಷ್ಟೋ ಕಡೆ ಮುಖರ್ಜಿಯವರ ಕ್ರಮವೇ ವಾಡಿಕೆ.

ಆದರೆ ಆಗ ಯಾರೂ ನಂಬಲಿಲ್ಲ. ರಾಜ್ಯ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ತಳ್ಳಿಹಾಕಿತು. ಜಪಾನಿಗೆ ಹೋಗಿ ತಮ್ಮ ಕೆಲಸವನ್ನು ವಿವರಿಸಲು ಅನುಮತಿ ದೊರೆಯಲಿಲ್ಲ. ಕೊನೆಗೆ ಕಣ್ಣಿನ ಸಂಸ್ಥೆಯೊಂದಕ್ಕೆ ವರ್ಗ ಮಾಡಿದರು. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು.

1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಂದಿಗೆ ಸೇರಿ ಭಾರತದ ಮೊದಲ ಪ್ರನಾಳ ಶಿಶುವಿನ ಜನನಕ್ಕೆ ಕಾರಣರೆಂದು ಹೆಸರಾದವರು ಡಾ. ಟಿ.ಸಿ. ಆನಂದ್ ಕುಮಾರ್. ಹನ್ನೊಂದು ವರ್ಷಗಳ ನಂತರ ಮುಖರ್ಜಿಯವರ ಟಿಪ್ಪಣಿಗಳು ಅವರ ಕೈಗೆ ಬಂದವು. ಓದಿದರು, ಪರಿಶೀಲಿಸಿದರು. ‘ಮೊದಲಿಗರು ನಾವಲ್ಲ, ಅವರು’ ಎಂಬ ಅರ್ಥದ ಲೇಖನವನ್ನು ತಾವೇ ಬರೆದರು. ಹತ್ತು ವರ್ಷ ತಮ್ಮ ಹೆಸರಿನಲ್ಲಿದ್ದ ಕಿರೀಟವನ್ನು ಯಾರೂ ಕೇಳದೆ ತೆಗೆದಿಟ್ಟರು. ಬೆಂಗಳೂರಿನಲ್ಲಿ ನೆಲೆಸಿದ್ದ ಆನಂದ್ ಕುಮಾರ್ 2010ರಲ್ಲಿ ನಿಧನರಾದರು. ಆ ಲೇಖನ ಪ್ರಕಟವಾದದ್ದೂ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, 1997ರಲ್ಲಿ. ಇಂಗ್ಲಿಷಿನಲ್ಲಿದೆ. ಪಿಯುಸಿ ವಿದ್ಯಾರ್ಥಿಗಳಿಗೆ ಕಷ್ಟವಾಗದು. ನಮ್ಮ ಶಾಲೆಯ ಆ ಹುಡುಗಿ ಈಗ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಒಂದು ಪ್ರತಿಯನ್ನು ಅವಳಿಗೆಂದು ತೆಗೆದಿಟ್ಟಿದ್ದೇನೆ.